'ಬಾಲ'ದ ಮಂಗಲ

ಹೋದ ವಾರ ನಮ್ಮ ಕಾಲೇಜಿನ ಇತಿಹಾಸದ ಸರ್ ಒಬ್ಬರು ಹುಡಗಿ ಎಂಬ ಊರಿನ ನಮ್ಮ ಮನೆಗೆ ಬಂದಿದ್ದರು. ಚಹಾ ಬರುವ ತನಕ ಕೈ ಸುಮ್ಮನಿರಬೇಕಲ್ಲ, ಗೋಡೆಯ ಗೂಡಿನಲ್ಲಿದ್ದ ದಪ್ಪ ಪುಸ್ತಕವೊಂದನ್ನು ಎತ್ತಿಕೊಂಡರು. ಅದರ ರಟ್ಟಿನ ಮೇಲೆ ಅರಿಶಿನ ಕುಂಕುಮ ಹತ್ತಿತ್ತು, ಮೂಲೆಯಲ್ಲಿ ಎರಡು ಅಕ್ಷತೆ ಕಾಳು ಒಣಗಿ ಅಂಟಿದ್ದವು. ಸರ್ ಭಕ್ತಿಯಿಂದ ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ನಡುವೆ ಎಲ್ಲೋ ತೆರೆದು ಓದತೊಡಗಿದರು. ಅವರ ಗ್ರಹಚಾರಕ್ಕೆ ಸಿಕ್ಕಿದ್ದು, ಕುಂಟ ನರಿಯೊಂದು ವಿಧವೆ ಮುಳ್ಳುಹಂದಿಯ ಮುಂದೆ ಕೂತು, "ನಿನ್ನನ್ನು ಅಪ್ಪಿಕೊಳ್ಳುವುದು ಹೇಗೆಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ" ಎನ್ನುವ ಪುಟ. ಸರ್ ಪುಸ್ತಕ ಮುಚ್ಚಿದರು. ರಟ್ಟಿನ ಕುಂಕುಮ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದ್ಯಾವ ಪುರಾಣರಿ ಕಾಶಿನಾಥ?" ಎಂದರು.

"ಕತ್ತಿ ಪುರಾಣರಿ ಸರ್," ಎಂದೆ. ಕತ್ತೆಗೆ ನಮ್ಮ ಕಡೆ ಹಾಗೇ ಅನ್ನುವುದು.

ಪೂರ್ತಿ ಹೇಳುವಷ್ಟರಲ್ಲಿ ಹುಮನಾಬಾದಿಗೆ ಹೋಗುವ ಆಟೋ ಬಂತು, ಅವರು ಹೊರಟುಹೋದರು. ನಿಮಗೆ ಆಟೋ ಹಿಡಿಯುವ ಅವಸರ ಇರಲಾರದು ಎಂದುಕೊಂಡು ನಿಮಗಾದರೂ ಹೇಳುತ್ತೇನೆ.

ನಾನು ಬಸವಕಲ್ಯಾಣದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕ. ದಿನಾ ಹುಡಗಿಯಿಂದ ಹುಮನಾಬಾದು, ಅಲ್ಲಿ ಬಸ್ಸು ಬದಲಿಸಿ ಕಲ್ಯಾಣ. ಪುಸ್ತಕಗಳಿಗೆ ನಂಬರು ಅಂಟಿಸುವುದು, ಧೂಳು ಹೊಡೆಯುವುದು, ಓದುತ್ತಾ ನಿದ್ದೆ ಹೋದವರನ್ನು ಐದು ಗಂಟೆಗೆ ಎಬ್ಬಿಸುವುದು ನನ್ನ ಕೆಲಸ. ಕೆಲವು ವರ್ಷದ ಹಿಂದೆ ಬಂದ ಒಂದು ಕಟ್ಟಿನಲ್ಲಿ 'ಗೊರಸು' ಎಂಬ ಕಾದಂಬರಿ ಇತ್ತು. ಮೂರು ಸಂಪುಟದ ಕಥೆಯಲ್ಲಿ ಇದು ಮೊದಲನೆಯದು, ಮುಂದಿನದು 'ಕೊಂಬು', ಕಡೆಯದು 'ಬಾಲ' ಎಂದು ಹಿಂದಿನ ರಟ್ಟಿನಲ್ಲಿ ಅಚ್ಚು ಹಾಕಿದ್ದರು. ಮುಂದೆ ಕಿರೀಟ ಇಟ್ಟುಕೊಂಡ ಕತ್ತೆಯ ಚಿತ್ರ. ನಾನು ನನ್ನ ಇಷ್ಟು ವರ್ಷದ ಅನುಭವವನ್ನೆಲ್ಲ ಬಳಸಿ ಅದನ್ನು ನೌಕರರ ಮಕ್ಕಳಿಗೆಂದು ಇಟ್ಟಿರುವ ಸಣ್ಣ ಕಪಾಟಿಗೆ ಸೇರಿಸಿದೆ. ಗಣಿತದ ಮೇಡಂ ಒಬ್ಬರು ಮಗಳಿಗೆ ಓದಿ ಹೇಳಲು ಒಯ್ದರು. ಮರುದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, "ಇದು ಮಕ್ಕಳನ್ನ ಮಲಗಿಸಿ ನಾವು ಓದೋ ಪುಸ್ತಕರಿ. ಎರಡನೇದು ಬಂದದೇನು?" ಎಂದು ಕೇಳಿದರು. ಅಂದು ಸಂಜೆ 'ಗೊರಸು' ನನ್ನ ಚೀಲದಲ್ಲಿ ಹುಡಗಿಗೆ ಬಂತು.

ಕಥೆ ಇಷ್ಟು. ಒಂದು ಹಾಳು ಕೋಟೆ. ಓದುವಾಗಲೆಲ್ಲ ನನ್ನ ಕಣ್ಣ ಮುಂದೆ ಕಲ್ಯಾಣದ ಕೋಟೆಯೇ ಬರುತ್ತಿತ್ತು. ಮನುಷ್ಯರು ಮನೆಯಿಂದ ಹೊರಗೆ ಹಾಕಿದ ಪ್ರಾಣಿಗಳೆಲ್ಲ ಅಲ್ಲಿ ಸೇರಿ ರಾಜ್ಯ ಕಟ್ಟಿವೆ. ರಾಣಿ ಗಂಗಿ ಎಂಬ ಮುದಿ ಕತ್ತೆ, ಒಂದು ಕಾಲಕ್ಕೆ ಕುಂಬಾರನ ಮಡಿಕೆ ಹೊತ್ತವಳು. ನ್ಯಾಯ ಹೇಳುವುದು ಕುಂಟ ನರಿ. ಪ್ರೀತಿ, ಅಸೂಯೆ, ಚುನಾವಣೆ, ಮಂಡಿನೋವು ಎಲ್ಲವೂ ಉಂಟು. ಕೋಟೆಗೆ ಒಂದೇ ಕಟ್ಟಳೆ. ಹೊಸದಾಗಿ ಬಂದವರು ಒಳಗೆ ಕಾಲಿಡುವ ಮೊದಲು ತಮ್ಮನ್ನು ಯಾರು ಹೊರಗೆ ಹಾಕಿದರು, ಯಾಕೆ ಹಾಕಿದರು ಎಂದು ಹೊಸ್ತಿಲಲ್ಲಿ ನಿಂತು ಹೇಳಬೇಕು. ಅದಕ್ಕೆ ಬಾಗಿಲ ಮಾತು ಎಂದು ಹೆಸರು.

ಆ ಶ್ರಾವಣದಲ್ಲಿ ನಮ್ಮೂರಿಗೆ ವರ್ಷಾ ವರ್ಷಾ ಬರುವ ಪುರಾಣಿಕರು ಗಂಟಲು ಕೆಟ್ಟು ಬರಲಿಲ್ಲ. ಅವ್ವನಿಗೆ ಶ್ರಾವಣ ಎಂದರೆ ಕಿವಿಗೆ ಏನಾದರೂ ಬೀಳಲೇಬೇಕು. ಕಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣ ಅಕ್ಷರ ಅವಳಿಗೆ ಆಗುವುದಿಲ್ಲ. ಮೂರು ದಿನ ಚಡಪಡಿಸಿ ನಾಲ್ಕನೆಯ ದಿನ ನನ್ನ ಚೀಲಕ್ಕೆ ಕೈ ಹಾಕಿದಳು.

"ಇದ್ರಾಗ ಏನದ?"

"ಕತ್ತಿ ಅದ ಅವ್ವ."

"ಕತ್ತಿ ಆದ್ರೂ ಅಡ್ಡಿ ಇಲ್ಲ, ಓದು."

ಹೀಗೆ ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಓದು ಶುರುವಾಯಿತು. ಅವ್ವ ಅಟ್ಟದಿಂದ ಅಪ್ಪನ ಕಾಲದ ಮಡಿಚುವ ಪುಸ್ತಕಪೀಠ ಇಳಿಸಿದಳು. ಅದರ ಮೇಲಿಟ್ಟದ್ದೇ ತಡ, ಕಾದಂಬರಿಗೆ ಪುರಾಣದ ಎಲ್ಲ ಕಟ್ಟುಪಾಡೂ ಬಂದವು. ಕಾಲು ಚಾಚಿ ಓದುವಂತಿಲ್ಲ. ನಡುವೆ ಎದ್ದು ಮೊಬೈಲು ನೋಡುವಂತಿಲ್ಲ. ಮುಂದೇನಾಗುತ್ತದೆ ಎಂದು ಕಡೆಯ ಪುಟ ಇಣುಕುವಂತಿಲ್ಲ. ನರಿ ಬೈಯುವ ಬೈಗಳಿಗೆ ಮಾತ್ರ ವಿನಾಯಿತಿ ಇತ್ತು, ಅವನ್ನು ಅವ್ವ ಎರಡು ಸಲ ಓದಿಸುತ್ತಿದ್ದಳು.

ಕೇಳುವವರು ಇಬ್ಬರು. ಒಬ್ಬಳು ಅವ್ವ, ಇನ್ನೊಬ್ಬಳು ಅಂಬು ಮೌಸಿ, ಅಂದರೆ ನಾನು ಚಿಕ್ಕಮ್ಮ ಎಂದು ಕರೆಯುವವಳು. ಅಂಬು ಮೌಸಿಯ ಎರಡೆಕರೆ ಹೊಲದ ಬದು ನಮ್ಮ ಹೊಲದ ಬದುವಿಗೆ ಹತ್ತಿದೆ. ತನ್ನ ಹೊಲದ ಕೆಲಸ ಮುಗಿದರೆ ಊರವರ ತೊಗರಿ, ಸೋಯಾ ಹೊಲಗಳಲ್ಲಿ ಕಳೆ ತೆಗೆಯಲು ಹೋಗುವವಳು. ಅವರು ಬೌದ್ಧರು. ನನ್ನ ಅಜ್ಜನ ಕಾಲದಿಂದಲೂ ಅವರ ಮನೆಯವರು ನಮ್ಮ ಕಟ್ಟೆಯ ಕೆಳಗೆ ನಿಂತೇ ಮಾತಾಡಿ ಹೋಗುತ್ತಿದ್ದರು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಅದು ಮುರಿದದ್ದು ನಮ್ಮ ಎಮ್ಮೆ ಚಂದ್ರಿ ಹುಟ್ಟಿದ ದಿನ. ಕರು ಅಡ್ಡಲಾಗಿ ತಾಯಿ ಎಮ್ಮೆ ಒದ್ದಾಡುತ್ತಿತ್ತು, ಡಾಕ್ಟರು ಸಿಗಲಿಲ್ಲ. ಮೌಸಿ ಯಾರನ್ನೂ ಕೇಳದೆ ನೆಟ್ಟಗೆ ಕೊಟ್ಟಿಗೆಗೆ ನುಗ್ಗಿ, ತೋಳೇರಿಸಿ ಕರು ತೆಗೆದಳು. ಅದರ ಮೂಗು ಬಾಯಿ ಒರೆಸಿ, ಹಣೆಯ ಬಿಳಿ ಬೊಟ್ಟು ನೋಡಿ ಚಂದ್ರಿ ಎಂದು ಹೆಸರಿಟ್ಟದ್ದೂ ಅವಳೇ. ಕೈ ತೊಳೆದು ಅವಳು ಮತ್ತೆ ಕಟ್ಟೆಯ ಕೆಳಗೆ ಹೋಗಿ ನಿಂತಾಗ ಅವ್ವ, "ನಮ್ಮ ಎಮ್ಮಿ ಬಾಣಂತನ ಮಾಡಿದಾಕಿ ಕೆಳಗ ನಿಂದ್ರೋದು ಹ್ಯಾಂಗ? ಮ್ಯಾಲ ಬಾ" ಎಂದು ಕೈ ಹಿಡಿದು ಎಳೆದಳಂತೆ. ಅಂದಿನಿಂದ ಕಟ್ಟೆಯ ಬಲಗಡೆ ಮೂಲೆ ಮೌಸಿಯದು.

ಮೌಸಿಗೂ ಕೂತು ಗ್ರಂಥ ಕೇಳುವುದು ಹೊಸದಲ್ಲ. ಮಳೆಗಾಲದ ಮೂರು ತಿಂಗಳು ವರ್ಷಾವಾಸ ಎಂದು ಅವರ ವಿಹಾರದಲ್ಲಿ ಓದುತ್ತಾರೆ, ಮುಗಿದ ದಿನ ಖೀರು ಮಾಡುತ್ತಾರೆ. ಅವಳು ನಮ್ಮಲ್ಲಿ ಕತ್ತೆಯ ಕಥೆ ಕೇಳಿ, ಅಲ್ಲಿಂದ ಎದ್ದು ವಿಹಾರಕ್ಕೆ ಹೋಗುತ್ತಿದ್ದಳು. 'ಗೊರಸು' ಮುಗಿಯುವ ದಿನ ಹತ್ತಿರ ಬಂದಾಗ ಇಬ್ಬರೂ ಕೂಡಿ ಮಂಗಲ ಮಾಡುವುದೆಂದು ಗೊತ್ತು ಮಾಡಿದರು. ಅವ್ವ ಕಾಯಿ ಒಡೆದು ಪುಸ್ತಕಕ್ಕೆ ಕುಂಕುಮ ಹಚ್ಚಿದಳು, ಮೌಸಿ ಬಿಳಿ ಹೂವು ಇಟ್ಟು ಖೀರು ತಂದಳು. ಕತ್ತೆಯೊಂದಕ್ಕೆ ಇಷ್ಟು ಮರ್ಯಾದೆ ಹುಡಗಿಯಲ್ಲಿ ಹಿಂದೆಂದೂ ಸಿಕ್ಕಿರಲಾರದು.

ಮಂಗಲ ಎಂದ ಮೇಲೆ ಓದಿದವನಿಗೆ ಆಹೇರ ಕೊಡಬೇಕು, ಅಂದರೆ ಬಟ್ಟೆಬರೆಯ ಉಡುಗೊರೆ. ಇಲ್ಲಿ ನನ್ನ ಬಾಯಿಯೇ ನನಗೆ ಮುಳುವಾಯಿತು. ನಾನು ಚಿಕ್ಕವನಿದ್ದಾಗ ಪುರಾಣಕ್ಕೆ ಹೋಗುತ್ತಿದ್ದದ್ದು ಕಡೆಯಲ್ಲಿ ಕೊಡುವ ಕೊಬ್ಬರಿ ಸಕ್ಕರೆಗಾಗಿ. ಒಂದು ವರ್ಷ ಮಂಗಲದ ದಿನ ಎಲ್ಲರೂ ಟವೆಲ್ಲು, ಧೋತರ ಕೊಡುತ್ತಿರುವಾಗ ಘಾಟಬೋರಾಳದ ರೈತನೊಬ್ಬ ತನ್ನ ಹೊಲದ ಕುಂಬಳಕಾಯಿ ತಂದು ಪುರಾಣಿಕರ ಮುಂದಿಟ್ಟ. ಅದನ್ನು ಉರುಳಿಸಿಕೊಂಡೇ ತಂದಿರಬೇಕು, ಅಷ್ಟು ದೊಡ್ಡದು. ಪುರಾಣಿಕರು ತುಟಿಪಿಟಕ್ಕೆನ್ನದೆ ಅದನ್ನು ಹೆಗಲಿಗೆ ಹೊತ್ತು ಬಸ್ಸು ಹತ್ತಿದರು. ಯಾಕೆ ಎಂದು ಕೇಳಿದ್ದಕ್ಕೆ ಅಪ್ಪ, "ಓದಿದಾಂವ ಬ್ಯಾಡ ಅನ್ನಬಾರ್ದು. ಬ್ಯಾಡ ಅಂದ್ರ ಇಷ್ಟು ದಿನ ಕೇಳಿದ್ದೆಲ್ಲಾ ಕೇಳಲಾರದಂಗ ಆಗ್ತದ" ಎಂದಿದ್ದ. ಈ ಕಥೆಯನ್ನು ನಾನು ಕಟ್ಟೆಯ ಮೇಲೆ ಬಹಳ ಗತ್ತಿನಿಂದ ಹೇಳಿದೆ. ಅವ್ವ, ಮೌಸಿ ತಲೆದೂಗುತ್ತಾ ಕೇಳಿದರು. 'ಗೊರಸು' ಮುಗಿದದ್ದಕ್ಕೆ ನನಗೆ ಟವೆಲ್ಲು ಬಂತು. ಮರುವರ್ಷ 'ಕೊಂಬು' ಮುಗಿದಾಗ ಅಂಗಿಬಟ್ಟೆ.

'ಕೊಂಬು' ಮುಗಿದದ್ದು ಬಹಳ ಕೆಟ್ಟ ಜಾಗದಲ್ಲಿ. ಗಂಗಿಯನ್ನು ಹೊರಗೆ ಹಾಕಿದ ಕುಂಬಾರನಿಗೇ ಈಗ ಮುಪ್ಪು ಬಂದಿದೆ, ಅವನನ್ನೂ ಮನೆಯವರು ಹೊರಗೆ ಹಾಕಿದ್ದಾರೆ. ಮಳೆಯಲ್ಲಿ ನೆನೆಯುತ್ತಾ ಬಂದು ಕೋಟೆಯ ಬಾಗಿಲು ಬಡಿಯುತ್ತಾನೆ. ಒಳಗೆ ಗಂಗಿ ಆ ಬಡಿತದ ಗುರುತು ಹಿಡಿದು ಕಿವಿ ನಿಮಿರಿಸುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು!

"ಬಾಗಿಲ ತೆಗೀಬೇಕು. ಮುದುಕ ಅದಾನ, ಮಳೀ ಹೊಡ್ಯಾಕತ್ತದ," ಎಂದಳು ಅವ್ವ.

"ಮದ್ಲು ಬಾಗಿಲ ಮಾತು ಹೇಳಲಿ ಅಕ್ಕಾ," ಎಂದಳು ಮೌಸಿ. "ತನ್ನ ಯಾರು ಹೊರಗ ಹಾಕಿದ್ರಂತ ಎಲ್ಲಾರೂ ಹೇಳ್ತಾರ. ತಾ ಯಾರ್ನ ಹಾಕ್ದ, ಅದು ಹೇಳಲಿ. ಆಮ್ಯಾಲ ತೆಗೀಲಿ."

ಈ ಜಗಳ ಒಂದು ವರ್ಷ ನಡೆಯಿತು. ಮರುವರ್ಷದ ಶ್ರಾವಣಕ್ಕೂ 'ಬಾಲ' ಬರಲಿಲ್ಲ. ಪ್ರಕಾಶಕರಿಗೆ ಫೋನು ಮಾಡಿದರೆ, ಅಚ್ಚಿನಲ್ಲಿದೆ ಎಂದರು. ಅವ್ವ ಜೋಳ ಹಸನು ಮಾಡುವಾಗ, ಮೌಸಿ ಚಂದ್ರಿಗೆ ಹುಲ್ಲು ಹಾಕುವಾಗ ಕುಂಬಾರ ಬಾಗಿಲಲ್ಲಿ ನೆನೆಯುತ್ತಲೇ ಇದ್ದ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಚಂದ್ರಿಗೆ ವಯಸ್ಸಾಗಿತ್ತು, ಹಾಲು ನಿಂತು ಎರಡು ವರ್ಷವಾಗಿತ್ತು. ನಾನು ಆಗಷ್ಟೇ ಹೊಸ ಸ್ಕೂಟರ್ ತಂದಿದ್ದೆ. ಕೆನೆ ಬಣ್ಣದ್ದು. ಅದು ಮಳೆಯಲ್ಲಿ ನೆನೆಯುವುದನ್ನು ನೋಡಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅವ್ವ ಕಣ್ಣು ತೋರಿಸಲು ನನ್ನ ಹೆಂಡತಿಯ ಜೊತೆ ಹುಮನಾಬಾದಿಗೆ ಹೋಗಿದ್ದಳು, ಮೌಸಿ ಕಳೆ ತೆಗೆಯಲು ಹೋಗಿದ್ದಳು. ಅಂಥ ದಿನ ನೋಡಿ ನಾನು ಬೇಮಳಖೇಡದ ರೈತನೊಬ್ಬನಿಗೆ ಚಂದ್ರಿಯನ್ನು ಕೊಟ್ಟುಬಿಟ್ಟೆ. ಸಂಜೆ ಇಬ್ಬರೂ ಬಂದಾಗ ಚಂದ್ರಿಯ ಜಾಗದಲ್ಲಿ, ಅವಳದೇ ಗೂಟದ ಪಕ್ಕ, ಸ್ಕೂಟರ್ ನಿಂತಿತ್ತು. ಇನ್ನೊಂದು ಮೂಲೆಯಲ್ಲಿ ಅವ್ವನ ಆಡು ಮಾತ್ರ ಅದನ್ನು ಅನುಮಾನದಿಂದ ನೋಡುತ್ತಿತ್ತು.

ಮೌಸಿ ಹುಲ್ಲಿನ ಹೊರೆ ಇಳಿಸಲಿಲ್ಲ. ತಲೆಯ ಮೇಲೆ ಹೊತ್ತುಕೊಂಡೇ ಕೇಳಿದಳು.

"ಎಲ್ಲಿ ಕಾಶ್ಯಾ ಚಂದ್ರಿ?"

"ಚಲೋ ಮನೀಗೆ ಕೊಟ್ಟೀನಿ ಮೌಸಿ."

"ಕತ್ತಿ ಕಥಿ ಓದೂಮುಂದ ಗಂಟಲ ತುಂಬಿ ಬರ್ತಿತ್ತಲ್ಲೋ ನಿನಗ. ಅದು ಬರೇ ಓದೋದೇನು?"

ಹೊರೆಯ ಸಮೇತ ತಿರುಗಿ ಹೋದಳು. ಅವ್ವ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೌಸಿ ಆಮೇಲೆ ಕಟ್ಟೆಗೆ ಬರುವುದನ್ನೇ ಬಿಟ್ಟಳು. ಬಲಗಡೆಯ ಮೂಲೆ ಖಾಲಿ ಬಿತ್ತು. ಅವ್ವ ಸಂಜೆಯಾದರೆ ಎಡಗಡೆ ಒಬ್ಬಳೇ ಕೂತು ಬದುವಿನ ದಾರಿ ನೋಡುತ್ತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಆದರೂ, ನೋಡಿ, ನಾನು ಬೆಳಿಗ್ಗೆ ಎದ್ದು ಸ್ಕೂಟರ್ ಒರೆಸುವುದನ್ನು ಬಿಟ್ಟಿರಲಿಲ್ಲ.

ಮುಂದಿನ ಶ್ರಾವಣಕ್ಕೆ ನಾಲ್ಕು ದಿನ ಇರುವಾಗ 'ಬಾಲ' ಬಂತು. ಕಾಲೇಜಿನದಲ್ಲ, ನನ್ನದೇ ಸ್ವಂತ ಪ್ರತಿ, ಕಲ್ಯಾಣದ ಪುಸ್ತಕದ ಅಂಗಡಿಗೆ ಹೇಳಿ ತರಿಸಿದ್ದು. ಮನೆಗೆ ಬಂದು ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಸವರಿ, ಮೂಸಿ, ಮಡಿಲಲ್ಲಿಟ್ಟುಕೊಂಡು ಹೇಳಿದಳು.

"ಅಂಬು ಬರಲಾರ್ದೆ ಓದೋದು ಬ್ಯಾಡ. ಅಕಿ ಇಲ್ಲದ ಬಾಲ ನನಗ ಯಾಕ ಬೇಕು?"

ಹೀಗೆ ನಾನು ಮೌಸಿಯ ಮನೆಗೆ ಹೋಗಬೇಕಾಯಿತು. ಅಂಗಳದಲ್ಲಿ ಅವಳ ಹೋತ ಕಟ್ಟಿತ್ತು. ಮೌಸಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮೂರು ರೊಟ್ಟಿ ಬೇಯುವ ತನಕ ನಿಂತೇ ಇದ್ದೆ.

"ಬಾಲ ಬಂದದ ಮೌಸಿ. ಅವ್ವ ನೀ ಬರಲಾರ್ದೆ ಕೇಳಾಂಗಿಲ್ಲ ಅನ್ನಾಕತ್ತಾಳ."

"ಕುಂಬಾರಂದು ಏನಾಯ್ತು?"

"ಇನ್ನೂ ಓದಿಲ್ಲ."

ರೊಟ್ಟಿ ಮಗುಚಿ ಹಾಕಿದಳು. "ಬರ್ತೀನಿ. ಆದ್ರ ಒಂದ್ ಮಾತು. ಮಂಗಲದ ದಿನ ನಾ ಕೊಟ್ಟದ್ದು ಬ್ಯಾಡ ಅನ್ನಬಾರ್ದು."

ಖೀರು ತಾನೇ ಎಂದುಕೊಂಡೆ. ಹೆಚ್ಚೆಂದರೆ ಧೋತರ. "ಎಲ್ಲ್ಯಾದ್ರೂ ಉಂಟೇನು ಮೌಸಿ! ಬ್ಯಾಡ ಅಂದ್ರ ಕೇಳಿದ್ದೆಲ್ಲಾ ಕೇಳಲಾರದಂಗ ಆಗ್ತದಲ್ಲ," ಎಂದು ನಾನೇ ಧಾರಾಳವಾಗಿ ನೆನಪು ಮಾಡಿಕೊಟ್ಟು ಬಂದೆ.

ಆ ಶ್ರಾವಣ ಓದು ಮತ್ತೆ ನಡೆಯಿತು. ಮೌಸಿ ತನ್ನ ಮೂಲೆಗೆ ಬಂದಳು. ನನ್ನ ಜೊತೆ ಮಾತು ಕಡಿಮೆ, ಅವ್ವನ ಜೊತೆ ಮಾತ್ರ ಗುಸುಗುಸು. ನಾನು ಬಂದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ಕಥೆಯ ಬಗ್ಗೆ ಇರಬೇಕು ಎಂದು ನಾನು ಖುಷಿಪಟ್ಟೆ. ನರಿ ಮುಳ್ಳುಹಂದಿಯ ಮದುವೆಯ ಅಧ್ಯಾಯಕ್ಕೆ ಅವ್ವ ಅಕ್ಷತೆ ಹಾಕಿದಳು, ಇತಿಹಾಸದ ಸರ್ ಕಣ್ಣಿಗೆ ಒತ್ತಿಕೊಂಡ ಕಾಳು ಅವೇ. ಕುಂಬಾರ ಮಾತ್ರ ಇನ್ನೂ ಹೊರಗೇ ಇದ್ದ, ಕಡೆಯ ಅಧ್ಯಾಯದ ತನಕ ಲೇಖಕಿ ಅವನನ್ನು ನೆನೆಸಿದ್ದರು.

ಮಂಗಲದ ದಿನ ಕಲ್ಯಾಣದಿಂದ ಬರುವ ಬಸ್ಸಿನಲ್ಲಿ ನಾನು ಕಟ್ಟುಪಾಡು ಮುರಿದು ಕಡೆಯ ಅಧ್ಯಾಯ ಓದಿಬಿಟ್ಟೆ. ಹುಮನಾಬಾದು ಬಂದದ್ದೇ ಗೊತ್ತಾಗಲಿಲ್ಲ. ಕಂಡಕ್ಟರು ಬಂದು ಭುಜ ಅಲುಗಿಸಿ, "ಇಳೀರಿ ಸಾಹೇಬ್ರ," ಎಂದಾಗ ನನ್ನ ಕಿವಿ ಬಿಸಿಯಾಗಿತ್ತು. ಒಂದು ಹಾಳೆ ಹಾರಿಸಿ ಓದುವುದೆಂದು ಅಲ್ಲೇ ನಿಶ್ಚಯ ಮಾಡಿದೆ.

ಸಂಜೆ ಕುಂಕುಮ, ಹೂವು, ಖೀರಿನ ಪಾತ್ರೆ ಎಲ್ಲ ಸಿದ್ಧವಾದವು. ಓದುತ್ತಾ ಆ ಜಾಗಕ್ಕೆ ಬಂದಾಗ ಎರಡು ಹಾಳೆ ಕೂಡಿಸಿ ಮಗುಚಿದೆ.

"ತಡಿ," ಎಂದಳು ಮೌಸಿ. ಅವಳಿಗೆ ಓದು ಬರುವುದಿಲ್ಲ. ಆದರೆ ಎಷ್ಟೋ ವರ್ಷ ಗ್ರಂಥ ಕೇಳಿದ ಕಿವಿ. "ಕುಂಬಾರ ಬಾಯಿ ತೆಗದಿದ್ದ, ಮಾತು ಎಲ್ಲಿ ಹೋಯ್ತು? ಹಾಳಿ ಬಿಟ್ಟಿ ನೋಡು."

ಹಾಳೆ ತಿರುಗಿಸಿದೆ. ಓದಲೇಬೇಕಾಯಿತು. ಕುಂಬಾರ ಹೊಸ್ತಿಲಲ್ಲಿ ನಿಂತು ಹೇಳುತ್ತಾನೆ: "ಗಂಗೀ, ನಿನ್ನನ್ನು ನಾನೇ ಹೊರಗೆ ಹಾಕಿದೆ. ನೀನು ಕೈಲಾಗದವಳಾದೆ ಎಂದು ಊರಿಗೆಲ್ಲ ಹೇಳಿದೆ. ನಿಜ ಅದಲ್ಲ. ನನಗೆ ನಿನ್ನ ಜಾಗ ಬೇಕಾಗಿತ್ತು."

ಅವ್ವ ಕೊಟ್ಟಿಗೆಯ ಕಡೆ ತಿರುಗಿದಳು. ಮೌಸಿ ತಿರುಗಿದಳು. ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯೂ ತಿರುಗಿದಳು. ಕೆನೆ ಬಣ್ಣದ ಸ್ಕೂಟರ್ ದೀಪದ ಬೆಳಕಿಗೆ ಪಳಪಳ ಹೊಳೆಯುತ್ತಿತ್ತು. ನನಗೆ ನಿಜವಾಗಿಯೂ ಅಳು ಬಂತು. ಹಾಗೆಯೇ ಕಡೆಯ ಎರಡು ಸಾಲು ಓದಿದೆ: "ಗಂಗಿ ಏನೂ ಹೇಳಲಿಲ್ಲ. ಅವನಿಗೆ ಜಾಗವಾಗುವಷ್ಟು ಸರಿದು ನಿಂತಳು."

ಪುಸ್ತಕ ಮುಚ್ಚಿದೆ. ಮೌಸಿ ಕಡೆಯ ಪುಟದಲ್ಲಿ ಹೂವಿಟ್ಟಳು. ಅವ್ವ ಕುಂಕುಮ ಹಚ್ಚಿ, ಮೌಸಿಯ ಖೀರನ್ನು ಮೊದಲು ತಾನು ಉಂಡು, ಆಮೇಲೆ ನನಗೆ ಬಡಿಸಿದಳು.

"ಆಹೇರ ತೊಗೋ," ಎಂದು ಮೌಸಿ ಎದ್ದು ಮನೆಯ ಹಿಂದಕ್ಕೆ ಹೋದಳು. ಬಂದಾಗ ಅವಳ ಕೈಯಲ್ಲಿ ಹಗ್ಗ ಇತ್ತು. ಹಗ್ಗದ ಆ ತುದಿಗೆ, ಕೊರಳಲ್ಲಿ ಹೊಸ ಟವೆಲ್ಲು ಸುತ್ತಿಕೊಂಡು, ಹಣೆಯ ಬಿಳಿ ಬೊಟ್ಟಿನ ಚಂದ್ರಿ.

ನಾನು ಬಾಯಿ ತೆರೆದೆ. ಮೌಸಿ ಬೆರಳು ಎತ್ತಿದಳು.

"ಬ್ಯಾಡ ಅಂದಿ ಅಂದ್ರ ಮೂರೂ ಪುಸ್ತಕ ಕೇಳಲಾರದಂಗ ಆಗ್ತದ. ಮತ್ತ ಕತ್ತಿ ಹುಟ್ಟಿದಾಗಿಂದ ಓದ್ಬೇಕಾಗ್ತದ ತಮ್ಮಾ."

ಅವ್ವ ಹಲ್ಲಿಲ್ಲದ ಬಾಯಿ ತೆರೆದು ಕುಲುಕುಲು ನಕ್ಕಳು. ಆ ನಗೆಯಲ್ಲಿ ಒಂದು ವರ್ಷದ ಮುನಿಸು ಇಳಿದುಹೋಯಿತು. ಆಮೇಲೆ ಎಲ್ಲ ಹೊರಬಿತ್ತು. ಮೌಸಿಯ ತಂಗಿ ಬೇಮಳಖೇಡದಲ್ಲಿದ್ದಾಳೆ. ಚಂದ್ರಿ ಅಲ್ಲಿ ಯಾರನ್ನೂ ಹತ್ತಿರ ಬಿಡದೆ ಹಗ್ಗ ಹರಿಯುತ್ತಿದ್ದಾಳೆಂಬ ಸುದ್ದಿ ಅವಳಿಂದ ಬಂದಿತ್ತು. ಆ ರೈತನಿಗೂ ಸಾಕಾಗಿತ್ತು. ಮೌಸಿ ತನ್ನ ಹೋತವನ್ನು, ಅವ್ವ ತನ್ನ ಆಡನ್ನು ಕೊಟ್ಟು ಚಂದ್ರಿಯನ್ನು ಬಿಡಿಸಿಕೊಂಡಿದ್ದರು. ಗುಸುಗುಸು ಅದಕ್ಕೇ.

"ಆಡು ಹೋಗಿ ಎಂಟು ದಿನ ಆಯ್ತು," ಎಂದಳು ಅವ್ವ. "ದಿನಾ ಅಲ್ಲೇ ನಿಂತು ಗಾಡಿ ಒರಸ್ತಿ. ಒಮ್ಮೆರೆ ಆಡು ಎಲ್ಲಿ ಅಂತ ಕೇಳಿದೇನು?"

ಕೇಳಿರಲಿಲ್ಲ. ಆ ಎಂಟು ದಿನವೂ ನಾನು ಮೂಕಪ್ರಾಣಿಗಳ ಸಂಕಟವನ್ನು ಗದ್ಗದಿತನಾಗಿ ಓದುತ್ತಾ ಕೂತಿದ್ದೆ.

ಸ್ಕೂಟರನ್ನು ನಾನೇ ಹೊರಗೆ ತಳ್ಳಿದೆ. ಚಂದ್ರಿ ಕೊಟ್ಟಿಗೆಯ ಹೊಸ್ತಿಲ ಬಳಿ ನಿಂತಳು. ಒಳಗೆ ಹೋಗಲಿಲ್ಲ, ನನ್ನನ್ನೇ ನೋಡಿದಳು. ಅವ್ವ, ಮೌಸಿ ಇಬ್ಬರೂ ಕಾದರು. ಯಾವುದಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಾಯಿತು.

"ಚಂದ್ರಿ, ನಾನೇ ನಿನ್ನ ಹೊರಗ ಹಾಕ್ದೆ," ಎಂದೆ. "ನನಗ ಗಾಡಿಗೆ ಜಾಗಾ ಬೇಕಾಗಿತ್ತು."

ಚಂದ್ರಿ ಬಾಲ ಎತ್ತಿ ನನ್ನ ಕೆನ್ನೆಗೆ ಫಟಾರನೆ ಒಂದು ಬಾರಿಸಿ ಒಳಗೆ ನಡೆದಳು.

ಈಗ ಸ್ಕೂಟರ್ ಅಂಗಳದಲ್ಲಿ ನೆನೆಯುತ್ತದೆ. ನನಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ. ಬೆಳಿಗ್ಗೆ ಸಗಣಿ ಬಾಚಲು ಹೋದರೆ ಚಂದ್ರಿ ಕೊಟ್ಟಿಗೆಯ ತುಂಬ ಅಡ್ಡಲಾಗಿ ನಿಂತಿರುತ್ತಾಳೆ. ಕಾದಂಬರಿಯ ಕತ್ತೆಯ ಹಾಗೆ ಇವಳು ಇದುವರೆಗೆ ಒಂದು ದಿನವೂ ಸರಿದು ನಿಂತಿಲ್ಲ. ನಾನೇ ಗೋಡೆಗೆ ಬೆನ್ನು ಹಚ್ಚಿ ಸರಿಯುತ್ತೇನೆ.